ಕೋಡಿಯ ಮಠದ ವಾಮಶಕ್ತಿ ಪಂಡಿತ: ಕಲ್ಲಿನಲ್ಲಿ ಉಳಿದ ಒಂದು ಜೀವನ

ದಾವಣಗೆರೆ ಜಿಲ್ಲೆಯ ನ್ಯಾಮತಿಯಿಂದ ಭೂಪಟದ ಮೇಲೆ ವಾಯವ್ಯ ದಿಕ್ಕಿಗೆ ಒಂದು ಗೆರೆ ಎಳೆದರೆ, ಸುಮಾರು 45 ಕಿಲೋಮೀಟರು ದೂರದಲ್ಲಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಸಿಗುತ್ತದೆ. ಇಂದು ಅದು ಶಿರಾಳಕೊಪ್ಪದ ಮಗ್ಗುಲಲ್ಲಿರುವ ಒಂದು ಸಣ್ಣ ಊರು. ಆದರೆ 11 ಮತ್ತು 12ನೆಯ ಶತಮಾನಗಳಲ್ಲಿ ಅದು ಬನವಾಸಿ ಹನ್ನೆರಡು ಸಾಸಿರ ನಾಡಿನ ರಾಜಧಾನಿಯಾಗಿತ್ತು. ಬಳ್ಳಿಗಾವೆ, ಬಳಿಪುರ ಎಂದೆಲ್ಲ ಶಾಸನಗಳು ಅದನ್ನು ಕರೆಯುತ್ತವೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐವರಿಗೂ ಅಲ್ಲಿ ಮಠಗಳಿದ್ದವು. 1065ರ ಸುಮಾರಿನಲ್ಲಿ ಚಾಲುಕ್ಯ ಅಧಿಕಾರಿಯೊಬ್ಬ ಅಲ್ಲಿ ಬೌದ್ಧ ವಿಹಾರವೊಂದನ್ನು ಕಟ್ಟಿಸಿದ. ಅಲ್ಲಮಪ್ರಭುವಿನ ಹುಟ್ಟೂರು ಇದೇ ಎಂದು ಪ್ರತೀತಿ.

ಈ ಊರಿನ ಕೆರೆಯ ಬಳಿ ಕೇದಾರೇಶ್ವರ ದೇವಾಲಯವಿದೆ. ಮೂರು ಗರ್ಭಗುಡಿಗಳುಳ್ಳ ತ್ರಿಕೂಟ ಅದು. ಬಳಪದ ಕಲ್ಲಿನ ಕಟ್ಟಡ. ಹಿಮಾಲಯದ ಕೇದಾರಕ್ಕೆ ಸಮನಾದುದು ಎಂಬ ಅರ್ಥದಲ್ಲಿ ಶಾಸನಗಳು ಅದನ್ನು ದಕ್ಷಿಣ ಕೇದಾರ ಎನ್ನುತ್ತವೆ. ಆ ದೇವಾಲಯಕ್ಕೆ ಹೊಂದಿಕೊಂಡು ಒಂದು ಮಠವಿತ್ತು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಅದಕ್ಕೆ ಕೋಡಿಯ ಮಠ ಎಂದು ಹೆಸರು. ಅಲ್ಲಿದ್ದವರು ಕಾಳಾಮುಖ ಪಂಥದ ಶೈವ ಯತಿಗಳು. ಆ ಮಠವನ್ನು 12ನೆಯ ಶತಮಾನದ ಉತ್ತರಾರ್ಧದಲ್ಲಿ ನಡೆಸಿದವನು ವಾಮಶಕ್ತಿ ಪಂಡಿತ. ಈ ಲೇಖನ ಅವನನ್ನು ಕುರಿತದ್ದು. ಸನ್ಯಾಸಿಯೊಬ್ಬನ ಬಾಳು ವಿಜ್ಞಾನದ ಮಾಸಪತ್ರಿಕೆಯಲ್ಲಿ ಏಕೆ ಎಂದು ಓದುಗರು ಕೇಳಬಹುದು. ಎರಡು ಕಾರಣಗಳಿವೆ. ಅವನ ಮಠದಲ್ಲಿ ಏನನ್ನು ಕಲಿಸುತ್ತಿದ್ದರು, ಯಾರಿಗೆ ಔಷಧಿ ಕೊಡುತ್ತಿದ್ದರು ಎಂಬುದಕ್ಕೆ ಸಮಕಾಲೀನ ಲಿಖಿತ ಸಾಕ್ಷ್ಯವಿದೆ. ಆ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಇನ್ನೊಂದು ಪ್ರಶ್ನೆ. ಅದು ಪ್ರಯೋಗಶಾಲೆಯಲ್ಲಿ ನಾವು ಕೇಳುವ ಪ್ರಶ್ನೆಯ ಜಾತಿಗೇ ಸೇರಿದ್ದು.

ಜನ್ಮದಿನವಿಲ್ಲದ ಜೀವನಚರಿತ್ರೆ

ವಾಮಶಕ್ತಿಯ ತಂದೆತಾಯಿ ಯಾರು, ಊರು ಯಾವುದು, ಯಾವ ವಯಸ್ಸಿನಲ್ಲಿ ಮಠಕ್ಕೆ ಬಂದ ಎಂಬ ವಿವರಗಳನ್ನು ಶಾಸನಗಳು ಕೊಡುವುದಿಲ್ಲ. ಕೊಡುವ ಉದ್ದೇಶವೂ ಅವಕ್ಕಿರಲಿಲ್ಲ. ಶಾಸನವೆಂದರೆ ಒಂದು ದಾನಪತ್ರ. ಯಾರು, ಯಾರಿಗೆ, ಎಂದು, ಯಾವ ಭೂಮಿಯನ್ನು, ಯಾವ ಕೆಲಸಕ್ಕಾಗಿ ಕೊಟ್ಟರು ಎಂಬುದು ಅದರ ತಿರುಳು. ದಾನ ಪಡೆದವನ ಗುರುಪರಂಪರೆ ಮತ್ತು ಹೊಗಳಿಕೆ ಅದರ ಜೊತೆಗೆ ಬರುತ್ತವೆ.

ಹೀಗಾಗಿ ಇಲ್ಲಿ ನಮಗಿರುವುದು ಗ್ರಾಫಿನ ಮೇಲಿನ ಬಿಡಿ ಬಿಂದುಗಳು ಮಾತ್ರ. ಒಬ್ಬ ಗುರುವಿನ ಹೆಸರು ಮೊದಲು ಕಾಣುವ ವರ್ಷ ಮತ್ತು ಕೊನೆಗೆ ಕಾಣುವ ವರ್ಷ, ಇವೆರಡರ ನಡುವಿನ ಅಂತರ ಅವನ ಅಧಿಕಾರಾವಧಿಯ ಕನಿಷ್ಠ ಮಿತಿ. ನಿಜವಾದ ಅವಧಿ ಅದಕ್ಕಿಂತ ಹೆಚ್ಚಿರಬಹುದು, ಕಡಿಮೆಯಿರಲಾರದು. ವಾಮಶಕ್ತಿಯ ಹೆಸರು 1150ರ ದಶಕದ ಶಾಸನಗಳಲ್ಲಿ ಕಾಣಿಸಿಕೊಂಡು 1190ರ ದಶಕದವರೆಗೂ ಬರುತ್ತದೆ. ಎಂದರೆ ಮೂವತ್ತೈದು ವರ್ಷಗಳಿಗಿಂತ ಕಡಿಮೆಯಿಲ್ಲದಷ್ಟು ಕಾಲ ಅವನು ಮಠದ ಮುಖ್ಯಸ್ಥನಾಗಿದ್ದ. ಈ ಅವಧಿಯಲ್ಲಿ ಬಳ್ಳಿಗಾವಿಯ ಮೇಲೆ ಕಲ್ಯಾಣದ ಚಾಲುಕ್ಯರ ಹಿಡಿತ ಸಡಿಲವಾಯಿತು, ಕಳಚುರಿ ಬಿಜ್ಜಳ ಬಂದ, ಕಲ್ಯಾಣದಲ್ಲಿ ಶರಣರ ಕ್ರಾಂತಿ ನಡೆಯಿತು, ಬಿಜ್ಜಳ ಸತ್ತ, ಅವನ ಮಕ್ಕಳು ಆಳಿ ಅಳಿದರು, ಚಾಲುಕ್ಯರು ಅಲ್ಪಕಾಲ ಮರಳಿದರು, ಕೊನೆಗೆ ಹೊಯ್ಸಳ ಎರಡನೆಯ ಬಲ್ಲಾಳ ಬಂದ. ಅರಸುಮನೆತನಗಳು ಹೀಗೆ ಬದಲಾದರೂ ಮಠಕ್ಕೆ ದಾನ ನಿಲ್ಲಲಿಲ್ಲ. ವಾಮಶಕ್ತಿಗೆ ರಾಜಗುರು ಎಂಬ ಬಿರುದೂ ಇತ್ತು. ಇದು ವಿದ್ವತ್ತಿಗೆ ಸಂದ ಗೌರವವೋ, ಗಾಳಿ ಬಂದತ್ತ ತೂರಿಕೊಳ್ಳುವ ಜಾಣ್ಮೆಯೋ? ಎರಡೂ ಸ್ವಲ್ಪಸ್ವಲ್ಪ ಇದ್ದಿರಬೇಕು. ನೂರಾರು ಜನರಿಗೆ ಅನ್ನ ಹಾಕುವ ಸಂಸ್ಥೆಯನ್ನು ನಡೆಸುವವನಿಗೆ ಎರಡನೆಯದು ಬೇಡವೆನ್ನುವ ಸೌಕರ್ಯವಿರಲಿಲ್ಲ.

ಅವನಿಗಿಂತ ಹಿಂದಿನ ಗುರುಗಳ ಸಾಲು ಕೂಡ ಕಲ್ಲಿನಲ್ಲಿದೆ. ಕೇದಾರಶಕ್ತಿ, ಅವನ ಶಿಷ್ಯ ಶ್ರೀಕಂಠ, ಶ್ರೀಕಂಠನ ಶಿಷ್ಯ ಸೋಮೇಶ್ವರ ಪಂಡಿತ. ಸೋಮೇಶ್ವರನ ಕಾಲ 1090ರ ದಶಕದಿಂದ ಮುಂದಿನ ಸುಮಾರು ಎರಡು ದಶಕ. ಅರಸ ಆರನೆಯ ವಿಕ್ರಮಾದಿತ್ಯ. ಆಮೇಲೆ ಬರುವ ವಿದ್ಯಾಭರಣನ ವಿಷಯ ಸ್ವಾರಸ್ಯವಾಗಿದೆ. 1129ರ ಶಾಸನದ ಪ್ರಕಾರ, ಮಠದ ಆಡಳಿತ ನೋಡಿಕೊಳ್ಳುತ್ತ ಕುಳಿತರೆ ತನ್ನ ಅಧ್ಯಯನಕ್ಕೆ ಅಡ್ಡಿಯಾಗುತ್ತದೆಂದು ಭಾವಿಸಿ ಅವನು ಪೀಠವನ್ನು ತನ್ನ ಹಿರಿಯ ಶಿಷ್ಯ ಗೌತಮನಿಗೆ ವಹಿಸಿಬಿಟ್ಟ. ಮುಖ್ಯೋಪಾಧ್ಯಾಯರ ಕುರ್ಚಿಗೂ ಪುಸ್ತಕಕ್ಕೂ ನಡುವೆ ಸಿಕ್ಕಿಕೊಂಡಿರುವ ನಮ್ಮ ಅಧ್ಯಾಪಕ ಮಿತ್ರರಿಗೆ ಈ ಸಂಗತಿ ಇಷ್ಟವಾದೀತು. ಆ ಗೌತಮನ ಶಿಷ್ಯನೇ ವಾಮಶಕ್ತಿ.

ಒಂದು ಶಾಸನ, ಒಂದು ಪಟ್ಟಿ

1162ರಲ್ಲಿ ಬಿಜ್ಜಳ ದಕ್ಷಿಣದ ನಾಡುಗಳನ್ನು ಹತೋಟಿಗೆ ತರಲು ಹೊರಟವನು ಬಳ್ಳಿಗಾವಿಯಲ್ಲಿ ಬೀಡು ಬಿಟ್ಟಿದ್ದ. ಆಗ ಕೋಡಿಯ ಮಠಕ್ಕೆ ದಾನ ಕೊಟ್ಟ. ಆ ದಾನದ ಶಾಸನ ಮಠವನ್ನು ವರ್ಣಿಸುವಾಗ ಒಂದು ಉದ್ದವಾದ ಪಟ್ಟಿಯನ್ನು ಕೊಡುತ್ತದೆ. ಇದು ಇಂಥದರ ಸ್ಥಾನ, ಇದು ಇಂಥದರ ಸ್ಥಾನ ಎಂದು ಒಂದರ ಮೇಲೊಂದು ಪೇರಿಸುತ್ತ ಹೋಗುವ ಆ ಗದ್ಯ ಕರ್ನಾಟಕದ ಶಿಕ್ಷಣ ಚರಿತ್ರೆಯಲ್ಲಿ ಬಹಳ ಪ್ರಸಿದ್ಧವಾದುದು. ಅದರ ಸಾರಾಂಶ ಹೀಗಿದೆ.

ನೈಷ್ಠಿಕ ಬ್ರಹ್ಮಚರ್ಯದ ಶೈವ ತಪಸ್ವಿಗಳು ಅಲ್ಲಿ ತಮ್ಮ ಆಚರಣೆಗಳನ್ನು ನಡೆಸುತ್ತಿದ್ದರು. ನಾಲ್ಕು ವೇದಗಳನ್ನು ಅಂಗಗಳೊಡನೆ ಅಧ್ಯಯನ ಮಾಡುತ್ತಿದ್ದರು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೆ ವ್ಯಾಖ್ಯಾನ ಹೇಳುತ್ತಿದ್ದರು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳು, ಲಾಕುಲ ಸಿದ್ಧಾಂತ, ಪಾತಂಜಲ ಮುಂತಾದ ಯೋಗಶಾಸ್ತ್ರಗಳು, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ ಇವೆಲ್ಲ ಪಾಠದಲ್ಲಿದ್ದವು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯಗಾರರಿಗೆ, ಬೇರೆಬೇರೆ ಪಂಥದ ಸನ್ಯಾಸಿಗಳಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ ಅನ್ನದಾನವಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರವಿತ್ತು. ಸಕಲ ಜೀವಿಗಳಿಗೂ ಅಭಯವಿತ್ತು.

ಈ ಪಟ್ಟಿಯಲ್ಲಿ ಎರಡು ವಿಷಯಗಳು ಗಮನಾರ್ಹ. ಶಾಕಟಾಯನ ವ್ಯಾಕರಣ ಜೈನ ವಿದ್ವಾಂಸನ ಕೃತಿ; ಬೌದ್ಧ ದರ್ಶನ ಎದುರು ಪಕ್ಷದ್ದು. ಒಂದು ಶೈವ ಮಠ ಅವುಗಳನ್ನೂ ಪಾಠ ಹೇಳುತ್ತಿತ್ತು. ಕೇವಲ ಉದಾರತೆಯಿಂದ ಎಂದು ನಾವು ತಿಳಿಯಬೇಕಾಗಿಲ್ಲ. ಅದು ವಾದಸಭೆಗಳ ಕಾಲ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಬಲ್ಲವನೇ ಗೆಲ್ಲುತ್ತಿದ್ದ. ಆದರೆ ಗೆಲ್ಲುವುದಕ್ಕೆಂದೇ ಕಲಿತರೂ ಕಲಿತದ್ದು ಕಲಿತದ್ದೇ.

ಇನ್ನೊಂದು, ನ್ಯಾಯ ಮತ್ತು ವೈಶೇಷಿಕ. ತರ್ಕದ ನಿಯಮಗಳನ್ನು ಹೇಳುವುದು ನ್ಯಾಯ. ಪದಾರ್ಥಗಳ ವಿಂಗಡಣೆ ವೈಶೇಷಿಕದ ಕೆಲಸ. ವೈಶೇಷಿಕರ ಪ್ರಕಾರ ಎರಡು ಪರಮಾಣುಗಳು ಸೇರಿ ದ್ವ್ಯಣುಕ; ಮೂರು ದ್ವ್ಯಣುಕಗಳು ಸೇರಿ ತ್ರ್ಯಣುಕ. ಕಿಟಕಿಯಿಂದ ಬೀಳುವ ಬಿಸಿಲಕೋಲಿನಲ್ಲಿ ತೇಲಾಡುವ ಧೂಳಿನ ಕಣವೇ ತ್ರ್ಯಣುಕ, ಕಣ್ಣಿಗೆ ಕಾಣುವ ಅತ್ಯಂತ ಚಿಕ್ಕ ವಸ್ತು. ಅಲ್ಲಿಗೆ ಒಂದು ಧೂಳಿನ ಕಣದಲ್ಲಿ ಆರು ಪರಮಾಣುಗಳು ಎಂದಾಯಿತು! ಇಂದಿನ ಲೆಕ್ಕಕ್ಕೆ ಇದು ಎಷ್ಟು ದೂರ ಎಂದು ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಹೇಳಬಲ್ಲ. ಇದನ್ನು ಡಾಲ್ಟನ್ನನಿಗಿಂತ ಮೊದಲೇ ಬಂದ ಪರಮಾಣು ವಿಜ್ಞಾನ ಎಂದು ಮೆರೆಸುವುದು ಸರಿಯಲ್ಲ. ಅಳತೆಯಾಗಲಿ ತೂಕವಾಗಲಿ ಅದರಲ್ಲಿಲ್ಲ. ಆದರೆ ಕಾಣುವುದರಿಂದ ಕಾಣದ್ದಕ್ಕೆ ತರ್ಕದ ಮೂಲಕ ಹೋಗುವ ಶಿಸ್ತು ಅದರಲ್ಲಿದೆ. ಬಳ್ಳಿಗಾವಿಯ ಮಠದಲ್ಲಿ ಹುಡುಗರು ಈ ಶಿಸ್ತನ್ನು ಕಲಿಯುತ್ತಿದ್ದರು ಎನ್ನುವುದೇ ಮುಖ್ಯ.

ಗಣಿತ ಮತ್ತು ಖಗೋಳದ ಮಾತೇನು? ಷಡಂಗಗಳಲ್ಲಿ ಜ್ಯೋತಿಷವೂ ಒಂದು. ವೇದವನ್ನು ಅಂಗಗಳೊಡನೆ ಓದಿಸುತ್ತಿದ್ದರೆಂದರೆ ಕಾಲಗಣನೆಯ ಪಾಠವೂ ಇತ್ತೆಂದೇ ಅರ್ಥ. ಆದರೆ ಪಟ್ಟಿಯ ಒಲವು ಸ್ಪಷ್ಟವಾಗಿ ವ್ಯಾಕರಣ ಮತ್ತು ತರ್ಕದ ಕಡೆಗಿದೆ. ವಾಮಶಕ್ತಿಯನ್ನು ಹೊಗಳುವ ಶಾಸನಗಳು ಕೂಡ ಅವನನ್ನು ವ್ಯಾಕರಣದಲ್ಲಿ ಪಾಣಿನಿಗೆ, ನಾಟ್ಯದಲ್ಲಿ ಭರತನಿಗೆ, ಸಿದ್ಧಾಂತದಲ್ಲಿ ಲಕುಲೀಶನಿಗೆ ಹೋಲಿಸುತ್ತವೆ, ಆರ್ಯಭಟನಿಗಲ್ಲ.

ಕೋಡಿಯ ಮಠವನ್ನು ಆ ಕಾಲದ ವಿಶ್ವವಿದ್ಯಾಲಯ ಎಂದು ಕರೆಯುವ ರೂಢಿಯಿದೆ. ನನಗೆ ಈ ಮಾತು ಅಷ್ಟಾಗಿ ಒಪ್ಪಿಗೆಯಿಲ್ಲ. ವಿಶ್ವವಿದ್ಯಾಲಯ ಎಂದೊಡನೆ ಪದವಿ, ಪರೀಕ್ಷೆ, ವಿಭಾಗಗಳು ಕಣ್ಣಮುಂದೆ ಬರುತ್ತವೆ. 1162ರ ಶಾಸನ ವಿದ್ಯಾರ್ಥಿಗಳ ಸಂಖ್ಯೆಯನ್ನಾಗಲಿ ಉಪಾಧ್ಯಾಯರ ಸಂಖ್ಯೆಯನ್ನಾಗಲಿ ಹೇಳುವುದಿಲ್ಲ. ಸಂಖ್ಯೆ ಬೇಕೆಂದರೆ ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಗೆ ಹೋಗಬೇಕು. ಅಲ್ಲಿನ ಘಟಿಕಾಸ್ಥಾನದ 1058ರ ಶಾಸನ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ ಸುಮಾರು 50 ವಿದ್ಯಾರ್ಥಿಗಳು, ಅವರ ಉಪಾಧ್ಯಾಯರು ಮತ್ತು ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು, ಇವರ ಜೀವನಕ್ಕೆ ಏರ್ಪಾಡು ಮಾಡುತ್ತದೆ. ಗ್ರಂಥಪಾಲಕರೇ ಆರು ಮಂದಿ! ನಮ್ಮ ಎಷ್ಟು ಕಾಲೇಜುಗಳಲ್ಲಿ ಇಂದು ಅಷ್ಟು ಜನರಿದ್ದಾರೆ?

ರೋಗಿಗಳ ಮಾತು

ವಿಜ್ಞಾನದ ವಿದ್ಯಾರ್ಥಿಗೆ ಹೆಚ್ಚು ಕುತೂಹಲ ಹುಟ್ಟಿಸುವುದು ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ಎಂಬ ಮಾತು. ಶಾಸನ ಬಳಸುವ ಪದ ಭೈಷಜ್ಯ. ಭಿಷಕ್ ಎಂದರೆ ವೈದ್ಯ, ಅವನ ಕೆಲಸ ಭೈಷಜ್ಯ. ಅಲ್ಲಿ ಎಂಥ ಔಷಧಿ ಕೊಡುತ್ತಿದ್ದಿರಬಹುದು?

ಅದೇ ಕಾಲದ ಕನ್ನಡ ವೈದ್ಯಗ್ರಂಥಗಳು ಈ ಬಗ್ಗೆ ಸ್ವಲ್ಪ ಬೆಳಕು ಚೆಲ್ಲುತ್ತವೆ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ಗೋವೈದ್ಯ 12ನೆಯ ಶತಮಾನದ ಮೊದಲ ಭಾಗದ್ದು. ದನಕರುಗಳ ರೋಗಕ್ಕೆ ಔಷಧಿಯೂ ಮಂತ್ರವೂ ಅದರಲ್ಲಿ ಬೆರೆತಿವೆ. ಅದೇ ಶತಮಾನದ ನಡುವಿನ ಸುಮಾರಿಗೆ ಜಗದ್ದಳ ಸೋಮನಾಥ ಪೂಜ್ಯಪಾದನ ಸಂಸ್ಕೃತ ಗ್ರಂಥವನ್ನು ಆಧರಿಸಿ ಕರ್ನಾಟಕ ಕಲ್ಯಾಣಕಾರಕವನ್ನು ಬರೆದ. ಅವನ ಚಿಕಿತ್ಸೆಯಲ್ಲಿ ಮಾಂಸಕ್ಕೂ ಮದ್ಯಕ್ಕೂ ಜಾಗವಿಲ್ಲ. ವಾಮಶಕ್ತಿ ಇದೇ ಪುಸ್ತಕವನ್ನು ಓದಿದ್ದ ಎಂದು ಯಾರೂ ಹೇಳಲಾರರು. ಆದರೆ ಅವನ ಕಾಲದಲ್ಲಿ ಕನ್ನಡನಾಡಿನಲ್ಲಿ ವೈದ್ಯವಿದ್ಯೆ ಪುಸ್ತಕದ ರೂಪದಲ್ಲಿ, ಅದೂ ಕನ್ನಡದಲ್ಲಿ, ಹರಿದಾಡುತ್ತಿತ್ತು.

ಸಂಶಯವಾದಿಯೊಬ್ಬ ಇಲ್ಲಿ ಕೇಳಬಹುದು: ಹೊಗಳಿಕೆಯ ಶಾಸನದಲ್ಲಿ ಬಂದ ಒಂದು ಸಾಲನ್ನು ಆಸ್ಪತ್ರೆ ಎಂದು ಓದುವುದು ಹೇಗೆ? ಒಳ್ಳೆಯ ಪ್ರಶ್ನೆ. ಹೋಲಿಕೆಗೆ ತಮಿಳುನಾಡಿನ ಕಾಂಚೀಪುರದ ಹತ್ತಿರದ ತಿರುಮುಕ್ಕೂಡಲ್‌ ಶಾಸನವನ್ನು ನೋಡಿ. ಅದು ಚೋಳ ವೀರರಾಜೇಂದ್ರನ ಕಾಲದ್ದು, 1069ರ ಸುಮಾರಿನದು. ಅಲ್ಲಿ ದೇವಾಲಯಕ್ಕೆ ಸೇರಿದ ವೇದಪಾಠಶಾಲೆಯ ವಿದ್ಯಾರ್ಥಿಗಳಿಗೆ ಮತ್ತು ದೇವಾಲಯದ ನೌಕರರಿಗೆ 15 ಹಾಸಿಗೆಗಳ ಆಸ್ಪತ್ರೆಯಿತ್ತು. ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಗಿಡಮೂಲಿಕೆ ತಂದು ಔಷಧಿ ಸಿದ್ಧಪಡಿಸಲು ಇಬ್ಬರು, ಶುಶ್ರೂಷೆಗೆ ಇಬ್ಬರು ಹೆಂಗಸರು. ಪ್ರತಿಯೊಬ್ಬರಿಗೂ ವರ್ಷಕ್ಕೆ ಎಷ್ಟು ಭತ್ತ ಎಂಬ ಲೆಕ್ಕವಿದೆ. ವರ್ಷವಿಡೀ ದಾಸ್ತಾನಿಡಬೇಕಾದ ಔಷಧಿಗಳ ಹೆಸರುಗಳೂ ಇವೆ. ಇದು ಬಜೆಟ್ಟು, ಇದನ್ನು ಯಾರೂ ಹೊಗಳಿಕೆ ಎನ್ನಲಾರರು.

ಬಳ್ಳಿಗಾವಿಯ ಶಾಸನದಲ್ಲಿ ಇಂಥ ಬಜೆಟ್ಟಿಲ್ಲ. ಆದ್ದರಿಂದ ಅಲ್ಲಿ ಇಷ್ಟು ಹಾಸಿಗೆ, ಇಷ್ಟು ವೈದ್ಯರು ಎಂದು ಕಲ್ಪಿಸಿಕೊಳ್ಳುವ ಹಕ್ಕು ನಮಗಿಲ್ಲ. ಆದರೂ ಆ ಸಾಲನ್ನು ತಳ್ಳಿಹಾಕಲು ಬರುವುದಿಲ್ಲ. ಶಾಸನವನ್ನು ದೇವಾಲಯದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರು. ಪಾಣಿನಿಯ ಹೋಲಿಕೆಯನ್ನು ಊರಿನವರು ಪರೀಕ್ಷಿಸಲಾರರು. ಆದರೆ ಮಠದಲ್ಲಿ ಕುರುಡರಿಗೆ ಊಟ ಸಿಗುತ್ತದೆಯೆ, ರೋಗಿಗೆ ಮದ್ದು ಸಿಗುತ್ತದೆಯೆ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಸುಳ್ಳಾಗಿದ್ದರೆ ನಗೆಪಾಟಲಾಗುತ್ತಿತ್ತು. ಪರೀಕ್ಷೆಗೆ ಒಳಗಾಗಬಲ್ಲ ಹೇಳಿಕೆಗೆ ಪರೀಕ್ಷೆಗೆ ಸಿಗದ ಹೇಳಿಕೆಗಿಂತ ಹೆಚ್ಚು ಬೆಲೆ ಕೊಡಬೇಕು. ಇದು ಭೌತಶಾಸ್ತ್ರಕ್ಕೂ ಸಲ್ಲುವ ಮಾತು.

ಇನ್ನೊಂದು ಕಡೆಯ ಸಾಕ್ಷಿಯನ್ನೂ ಇಲ್ಲಿ ಕೇಳಬೇಕು. ಯಾಮುನಾಚಾರ್ಯರು ಮತ್ತು ರಾಮಾನುಜಾಚಾರ್ಯರು ತಮ್ಮ ಗ್ರಂಥಗಳಲ್ಲಿ ಕಾಳಾಮುಖರ ಚಿತ್ರವನ್ನು ಬೇರೆಯಾಗಿಯೇ ಕೊಟ್ಟಿದ್ದಾರೆ. ಅದರಂತೆ ಕಾಳಾಮುಖರು ತಲೆಬುರುಡೆಯಲ್ಲಿ ಉಣ್ಣುವವರು, ಹೆಣದ ಬೂದಿ ಬಳಿದುಕೊಳ್ಳುವವರು, ಹೆಂಡದ ಕುಂಭವಿಟ್ಟು ದೇವರನ್ನು ಪೂಜಿಸುವವರು. ಶತಮಾನಗಳ ಕಾಲ ಜನರು ಅವರನ್ನು ಈ ಚಿತ್ರದ ಮೂಲಕವೇ ನೋಡಿದರು. ಕರ್ನಾಟಕದ ಶಾಸನಗಳನ್ನು ಒಟ್ಟಿಗೆ ಇಟ್ಟುಕೊಂಡು 1972ರಲ್ಲಿ ಡೇವಿಡ್ ಲೊರೆನ್ಜೆನ್ ಒಂದು ಪುಸ್ತಕ ಬರೆದರು. ಶಾಸನಗಳ ಕಾಳಾಮುಖರು ಪಂಡಿತರು, ಅಧ್ಯಾಪಕರು, ದೇವಾಲಯದ ಆಡಳಿತಗಾರರು. ಕಾಪಾಲಿಕರ ಲಕ್ಷಣಗಳನ್ನು ಇವರ ಮೇಲೆ ಹೊರಿಸಿರುವ ಸಂಭವವಿದೆ ಎಂದು ಅವರು ತೋರಿಸಿದರು. ವಿರೋಧಿಯ ಬರಹ ಒಂದು ದಿಕ್ಕಿಗೆ ವಾಲುತ್ತದೆ, ದಾನಿಯ ಶಾಸನ ಇನ್ನೊಂದು ದಿಕ್ಕಿಗೆ. ಎರಡರ ಸರಾಸರಿ ತೆಗೆದರೆ ಸತ್ಯ ಸಿಗುತ್ತದೆಂದು ತಿಳಿಯಬಾರದು. ಯಾವ ಸಾಕ್ಷಿ ಹತ್ತಿರದಿಂದ ಕಂಡದ್ದು ಎಂದು ಕೇಳಬೇಕು.

ಉತ್ತರ ಸಮುದ್ರದ ದಂಡೆಯ ಇನ್ನೊಬ್ಬ ಯತಿ

ಈ ಸಂದರ್ಭದಲ್ಲಿ ಇಂಗ್ಲೆಂಡಿನ ಬೀಡ್ ನೆನಪಾಗುತ್ತಾನೆ. ಅವನು ವಾಮಶಕ್ತಿಗಿಂತ ನಾಲ್ಕು ಶತಮಾನಗಳಿಗೂ ಹೆಚ್ಚು ಹಿಂದಿನವನು. ಅವನು ಬರೆಯುತ್ತಿದ್ದಾಗ ನಮ್ಮಲ್ಲಿ ಬಾದಾಮಿಯ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ. ಬೀಡ್ ಹುಟ್ಟಿದ್ದು 673ರ ಸುಮಾರಿಗೆ. ಏಳನೆಯ ವಯಸ್ಸಿನಲ್ಲಿ ಬಂಧುಗಳು ಅವನನ್ನು ನಾರ್ಥಂಬ್ರಿಯದ ಮಠಕ್ಕೆ ಒಪ್ಪಿಸಿದರು. ಆಮೇಲೆ ಸಾಯುವವರೆಗೆ, ಎಂದರೆ 735ರವರೆಗೆ, ಹೆಚ್ಚುಕಡಿಮೆ ಜ್ಯಾರೋ ಮಠದಲ್ಲೇ ಕಳೆದ. ಅಲ್ಲಿನ ಚರ್ಚನ್ನು 685ರ ಏಪ್ರಿಲ್ 23ರಂದು ಪ್ರತಿಷ್ಠೆ ಮಾಡಿದ್ದನ್ನು ಹೇಳುವ ಶಾಸನ ಇಂದಿಗೂ ಅದರ ಗೋಡೆಯಲ್ಲಿದೆ. 19ಕ್ಕೆ ಡೀಕನ್, 30ಕ್ಕೆ ಪಾದ್ರಿ. ಓದು, ಪಾಠ, ಬರಹ ಇವೇ ತನ್ನ ಸಂತೋಷ ಎಂದು ಅವನೇ ಹೇಳಿಕೊಂಡಿದ್ದಾನೆ. ಕ್ರೈಸ್ತರು ಅವನನ್ನು ಸಂತನೆಂದು ಗೌರವಿಸುತ್ತಾರೆ.

ಬೀಡನ ಮುಖ್ಯ ಚಿಂತೆ ಈಸ್ಟರ್ ಹಬ್ಬದ ದಿನವನ್ನು ನಿಗದಿ ಮಾಡುವುದು. ಅದಕ್ಕೆ ಸೂರ್ಯಚಂದ್ರರ ಲೆಕ್ಕ ಬೇಕು. 725ರಲ್ಲಿ ಅವನು ಬರೆದ ಕಾಲಗಣನೆಯ ಗ್ರಂಥದಲ್ಲಿ ಬೆರಳುಗಳಿಂದ ಎಣಿಸುವ ಕ್ರಮದಿಂದ ಹಿಡಿದು ಭೂಮಿ ಚೆಂಡಿನಂತೆ ಗುಂಡಗಿದೆ ಎಂಬ ವಿವರಣೆಯವರೆಗೆ ಎಲ್ಲವೂ ಇದೆ. ಉಬ್ಬರವಿಳಿತ ಚಂದ್ರನನ್ನು ಅನುಸರಿಸುತ್ತದೆ, ದಿನಕ್ಕೆ ಸುಮಾರು 47½ ಮಿನಿಟು ತಡವಾಗುತ್ತ ಹೋಗುತ್ತದೆ, ಒಂದೊಂದು ಬಂದರಿಗೂ ಒಂದೊಂದು ವ್ಯತ್ಯಾಸವಿದೆ ಎಂದು ಅವನು ಬರೆದ. ಇಂದಿನ ಸರಾಸರಿ ಲೆಕ್ಕ ಸುಮಾರು 50 ಮಿನಿಟು. 525ರಲ್ಲಿ ಡಯೋನೀಸಿಯಸ್ ರೂಪಿಸಿದ್ದ ಕ್ರಿಸ್ತಶಕವನ್ನು ತನ್ನ 731ರ ಇತಿಹಾಸ ಗ್ರಂಥದಲ್ಲಿ ಉದ್ದಕ್ಕೂ ಬಳಸಿ ಅದಕ್ಕೆ ಯೂರೋಪಿನಲ್ಲಿ ಪ್ರಚಾರ ತಂದವನೂ ಅವನೇ.

ಅದೇ ಇತಿಹಾಸದಲ್ಲಿ ಒಂದು ಪವಾಡದ ಕಥೆಯಿದೆ. ಜಾನ್ ಎಂಬ ಬಿಷಪ್ಪನು ಮೂಕ ಹುಡುಗನೊಬ್ಬನಿಗೆ ಮಾತು ಬರಿಸಿದ. ಬೀಡ್ ಅದನ್ನು ಪವಾಡವೆಂದೇ ಕರೆಯುತ್ತಾನೆ. ಆದರೆ ವರ್ಣಿಸುವಾಗ ಜಾನ್ ಏನು ಮಾಡಿದನೆಂದು ಕ್ರಮವಾಗಿ ಹೇಳುತ್ತಾನೆ. ಮೊದಲು ಒಂದು ಚಿಕ್ಕ ಪದ, ಆಮೇಲೆ ಒಂದೊಂದೇ ಅಕ್ಷರ, ಆಮೇಲೆ ಅಕ್ಷರ ಕೂಡಿಸಿ ಉಚ್ಚಾರ, ಆಮೇಲೆ ಪದಗಳು, ಕೊನೆಗೆ ವಾಕ್ಯ. ಇಂದು ಮಾತಿನ ತೊಂದರೆಯಿರುವ ಮಕ್ಕಳಿಗೆ ಕಲಿಸುವವರು ಇದನ್ನು ಓದಿದರೆ ತಮ್ಮ ಕೆಲಸವನ್ನೇ ಅಲ್ಲಿ ಕಂಡಾರು. ಹೊಗಳಿಕೆಯ ಹೊದಿಕೆಯೊಳಗೆ ನಿಜವಾದ ವಿಧಾನವೊಂದು ಉಳಿದುಕೊಂಡಿದೆ. ಬಳ್ಳಿಗಾವಿಯ ಶಾಸನವನ್ನೂ ನಾವು ಹೀಗೆಯೇ ಓದಬೇಕಾಗಿದೆ.

ದಿನಾಂಕದ ಪರೀಕ್ಷೆ

ಬೀಡನಿಗೆ ಈಸ್ಟರ್ ಹೇಗೋ ನಮ್ಮ ಶಾಸನ ಬರೆದವರಿಗೆ ತಿಥಿ ಹಾಗೆ. ಶಕವರ್ಷ, ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ, ವಾರ ಇವನ್ನೆಲ್ಲ ಅವರು ಕೊಡುತ್ತಾರೆ. ದಾನಕ್ಕೆ ಗ್ರಹಣ, ಸಂಕ್ರಮಣ, ವ್ಯತೀಪಾತದಂಥ ಪುಣ್ಯಕಾಲಗಳನ್ನು ಆರಿಸಿಕೊಳ್ಳುತ್ತಾರೆ. ಇದರಿಂದ ನಮಗೆ ಅನಿರೀಕ್ಷಿತ ಲಾಭವಾಗಿದೆ: ಶಾಸನದ ಸಾಚಾತನವನ್ನು ಲೆಕ್ಕ ಹಾಕಿ ನೋಡಬಹುದು.

ತರಗತಿಯಲ್ಲಿ ಮಾಡಬಹುದಾದ ಲೆಕ್ಕ ಇದು. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಕ್ರಮಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. 1162 ಎಂದರೆ ಶಕ 1084. ಅದಕ್ಕೆ 12 ಕೂಡಿಸಿದರೆ 1096. 60ರಿಂದ ಭಾಗಿಸಿದರೆ ಶೇಷ 16. ಹದಿನಾರನೆಯ ಸಂವತ್ಸರ ಚಿತ್ರಭಾನು. ಇನ್ನೊಂದು ಉದಾಹರಣೆ: ಆರನೆಯ ವಿಕ್ರಮಾದಿತ್ಯ 1076ರಲ್ಲಿ ತನ್ನದೇ ಹೆಸರಿನ ಹೊಸ ಶಕೆಯನ್ನು ಆರಂಭಿಸಿದ. ಅದು ಶಕ 998. 12 ಕೂಡಿಸಿದರೆ 1010. ಶೇಷ 50, ನಳ ಸಂವತ್ಸರ. ಕಣ್ಣು ಮುಚ್ಚಿ ಬರೆದ ಸಂವತ್ಸರ ಆಕಸ್ಮಿಕವಾಗಿ ಸರಿಹೊಂದುವ ಸಂಭವ 60ರಲ್ಲಿ ಒಂದು. ವಾರ ಹೊಂದುವ ಸಂಭವ 7ರಲ್ಲಿ ಒಂದು. ಎರಡೂ ಒಟ್ಟಿಗೆ ಹೊಂದುವುದು 420ರಲ್ಲಿ ಒಂದು ಸಲ. ಹಾಗೆಂದು ತಾಳೆಯಾಗದ ಪ್ರತಿ ಶಾಸನವೂ ಖೋಟಾ ಎಂದಲ್ಲ. ಕಲ್ಲುಕುಟಿಗನೂ ತಪ್ಪುತ್ತಾನೆ, ಪಂಚಾಂಗದವನೂ ತಪ್ಪುತ್ತಾನೆ. ಕೀಲ್‌ಹಾರ್ನ್, ಫ್ಲೀಟ್ ಮುಂತಾದವರು ನೂರಾರು ಶಾಸನಗಳ ತಿಥಿಗಳನ್ನು ಹೀಗೆ ಒರೆಗೆ ಹಚ್ಚಿದರು. ಶಂಕರ ಬಾಲಕೃಷ್ಣ ದೀಕ್ಷಿತ ಮತ್ತು ಸೆವೆಲ್ 1896ರಲ್ಲಿ, ಸ್ವಾಮಿಕಣ್ಣು ಪಿಳ್ಳೆ 1922ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಈ ಕೆಲಸಕ್ಕೆ ಬಹಳ ಕಾಲ ಆಧಾರವಾಗಿದ್ದವು. ಈಗ ಕಂಪ್ಯೂಟರು ಕ್ಷಣಮಾತ್ರದಲ್ಲಿ ಮಾಡುತ್ತದೆ.

ಶಾಸನಗಳ ಉತ್ತರಾಯಣ ಸಂಕ್ರಮಣ ಕೂಡ ಒಂದು ಪಾಠ ಹೇಳುತ್ತದೆ. ವಾಮಶಕ್ತಿಯ ಕಾಲದಲ್ಲಿ ಮಕರ ಸಂಕ್ರಾಂತಿ ಬರುತ್ತಿದ್ದುದು ಆಗಿನ ಜೂಲಿಯನ್ ಕ್ಯಾಲೆಂಡರಿನ ಡಿಸೆಂಬರ್ 25ರ ಸುಮಾರಿಗೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುತ್ತಿದ್ದುದು ಅದಕ್ಕಿಂತ ಸುಮಾರು ಹತ್ತು ದಿನ ಮೊದಲು. ಇಂದು ಆ ಅಂತರ ಸುಮಾರು 24 ದಿನ: ಡಿಸೆಂಬರ್ 21ರಿಂದ ಜನವರಿ 14ರವರೆಗೆ. ನಮ್ಮ ಪಂಚಾಂಗದ ವರ್ಷ ನಕ್ಷತ್ರಗಳನ್ನು ಹಿಡಿದು ಎಣಿಸಿದ್ದು. ಅದು ಋತುಗಳ ವರ್ಷಕ್ಕಿಂತ ದಿನದ ಅರವತ್ತನೆಯ ಒಂದು ಭಾಗದಷ್ಟು ಉದ್ದ. 860 ವರ್ಷಗಳಲ್ಲಿ ಈ ಸಣ್ಣ ಚೂರುಗಳು ಕೂಡಿ 14 ದಿನವಾಗಿವೆ.

ಉಳಿದದ್ದು, ಉಳಿಯದ್ದು

ಬೀಡನ ಜೀವನವನ್ನು ನಾವು ಬಲ್ಲೆವು, ಏಕೆಂದರೆ ತನ್ನ ಇತಿಹಾಸದ ಕೊನೆಯಲ್ಲಿ ಅವನೇ ಒಂದು ಪುಟದಷ್ಟು ಬರೆದುಕೊಂಡ. ಅವನ ಸಾವಿನ ದಿನಗಳನ್ನು ಶಿಷ್ಯ ಕತ್ಬರ್ಟ್ ಪತ್ರದಲ್ಲಿ ಬರೆದ. ಅವನ ಪುಸ್ತಕಗಳನ್ನು ಯೂರೋಪಿನ ಮಠಗಳು ನಕಲು ಮಾಡುತ್ತಲೇ ಹೋದವು. 794ರಲ್ಲಿ ವೈಕಿಂಗರು ಅವನ ಮಠವನ್ನು ಲೂಟಿ ಮಾಡಿದರೂ ಬರಹ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಪ್ರತಿಗಳು ದೂರದೂರ ಹೋಗಿದ್ದವು.

ಬಳ್ಳಿಗಾವಿಯಲ್ಲಿ ಆದದ್ದು ಇದಕ್ಕೆ ವಿರುದ್ಧ. ಅಲ್ಲಿನ ಪಂಡಿತರು ವ್ಯಾಖ್ಯಾನ ಹೇಳುತ್ತಿದ್ದರೆಂದು ಶಾಸನ ಹೇಳುತ್ತದೆ. ವಾಮಶಕ್ತಿಯ ಹೆಸರಿನ ಗ್ರಂಥವೊಂದೂ ನಮ್ಮ ಓದಿನಲ್ಲಿ ಉಳಿದಿಲ್ಲ. ಮಲೆನಾಡಿನ ಸೆರಗಿನ ಮಳೆ, ಗೆದ್ದಲು, ಬೂಸು ಇವುಗಳ ನಡುವೆ ತಾಳೆಗರಿಯ ಆಯುಸ್ಸು ಕೆಲವು ಶತಮಾನ. ಅಷ್ಟರೊಳಗೆ ಯಾರಾದರೂ ಪ್ರತಿ ಮಾಡದಿದ್ದರೆ ಮುಗಿಯಿತು. ತಾಳೆಗರಿ ಉಳಿಯುವುದೇ ಇಲ್ಲವೆಂದಲ್ಲ. ಮೂಡಬಿದಿರೆಯ ಜೈನ ಭಂಡಾರದಲ್ಲಿ 12ನೆಯ ಶತಮಾನದ ಧವಳಾ ಗ್ರಂಥದ ಪ್ರತಿಗಳು ಉಳಿದುಬಂದವು, ಏಕೆಂದರೆ ಅವನ್ನು ಕಾಯುವ ಸಂಸ್ಥೆಯೂ ಉಳಿಯಿತು. 9ನೆಯ ಶತಮಾನದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ಇಂಥ ಪ್ರತಿಗಳ ಮೂಲಕವೇ ಬಂದು 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕಾಳಾಮುಖ ಪಂಥವೇ 13ನೆಯ ಶತಮಾನದ ಬಳಿಕ ಕಣ್ಮರೆಯಾಯಿತು. ಅವರ ಮಠಗಳು ವೀರಶೈವ ಪರಂಪರೆಯಲ್ಲಿ ಬೆರೆತುಹೋದವೆಂದು ಹಲವು ವಿದ್ವಾಂಸರ ಊಹೆ. ಪಂಥ ಹೋದ ಮೇಲೆ ಅದರ ಪುಸ್ತಕಗಳನ್ನು ಪ್ರತಿ ಮಾಡುವ ಕೈ ಯಾವುದು?

ಉಳಿದದ್ದು ಕಲ್ಲು. 1865ರ ಸುಮಾರಿನಲ್ಲಿ ಮೇಜರ್ ಡಿಕ್ಸನ್ ಮೈಸೂರು ಸಂಸ್ಥಾನದ ಶಾಸನಗಳ ಫೋಟೋ ತೆಗೆದಾಗ ಬಳ್ಳಿಗಾವಿಯ ಕಲ್ಲುಗಳೂ ಅದರಲ್ಲಿ ಸೇರಿದವು. ಆ ಚಿತ್ರಗಳ ಸಹಾಯದಿಂದ ಬಿ.ಎಲ್. ರೈಸ್ 1879ರಲ್ಲಿ ಅನುವಾದಗಳನ್ನು ಪ್ರಕಟಿಸಿದರು. 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 7ನೆಯ ಸಂಪುಟ ಹೊರಬಂತು. 1162ರ ಶಾಸನ ಅದರಲ್ಲಿ ಶಿಕಾರಿಪುರ ತಾಲ್ಲೂಕಿನ 102ನೆಯದು.

ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಅಧ್ಯಾಪಕರಿಗೆ ಇಲ್ಲೊಂದು ಅನುಕೂಲವಿದೆ. ಆಗ ಹೊನ್ನಾಳಿ ಮತ್ತು ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ನ್ಯಾಮತಿ ಈಚೆಗೆ ಪ್ರತ್ಯೇಕ ತಾಲ್ಲೂಕಾಗುವವರೆಗೆ ಹೊನ್ನಾಳಿಗೇ ಸೇರಿತ್ತು. ಆದ್ದರಿಂದ ಈ ಎರಡೂ ತಾಲ್ಲೂಕುಗಳ ಶಾಸನಗಳು ಕೋಡಿಯ ಮಠದ ಶಾಸನಗಳಿರುವ ಅದೇ ಸಂಪುಟದಲ್ಲಿವೆ. ಶಾಲೆಯ ಆಸುಪಾಸಿನ ಊರುಗಳ ಹೆಸರನ್ನು ಅದರಲ್ಲಿ ಹುಡುಕಿ, ಅಲ್ಲಿ ಕೊಟ್ಟಿರುವ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಸಂವತ್ಸರದ ಹೆಸರು ಹೊಂದುತ್ತದೆಯೆ ಎಂದು ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಬಹುದು. ಕೆಲವು ಕಡೆ ಒಂದು ವರ್ಷದ ವ್ಯತ್ಯಾಸ ಬರುತ್ತದೆ. ಕಳೆದ ವರ್ಷಗಳನ್ನು ಎಣಿಸಿದ್ದಾರೋ ನಡೆಯುತ್ತಿರುವ ವರ್ಷವನ್ನೋ ಎಂಬುದರಿಂದ ಆಗುವ ವ್ಯತ್ಯಾಸ ಅದು.